ಎಲೆಯ ಕೆಳಮಗ್ಗುಲು

ಸುಳ್ಳು ಹೇಳಿದವರನ್ನು ನಾನು ಎಷ್ಟೋ ಸಲ ಕ್ಷಮಿಸಿದ್ದೇನೆ. ಇಪ್ಪತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದವನು ಹಾಗೆ ಮಾಡದಿದ್ದರೆ ತಲೆ ಕೆಟ್ಟುಹೋಗುತ್ತದೆ. ಆದರೆ ಪ್ರೊಫೆಸರ್ ಶ್ರೀನಿವಾಸರಾಯರು 1988ರಲ್ಲಿ ಹೇಳಿದ ಒಂದು ನಿಜವನ್ನು ಮಾತ್ರ ಇವತ್ತಿಗೂ ನನ್ನಿಂದ ಕ್ಷಮಿಸಲು ಆಗಿಲ್ಲ. ಬರೀ ಮೂರು ಪದದ ನಿಜ. ಅದನ್ನು ಹೇಳುವಾಗ ಅವರ ಕೈಯಲ್ಲಿದ್ದ ಚಹಾದ ಕಪ್ಪು ನಾನೇ ತಂದು ಕೊಟ್ಟದ್ದು ಅನ್ನುವುದು ನನ್ನ ಹೊಟ್ಟೆಯುರಿಗೆ ಇನ್ನೊಂದು ಕಾರಣ.

ನಾನು ದೇವೀಂದ್ರಪ್ಪ, ಕಮಲಾಪುರದವನು. ಕೆಲಸ ಮಾಡಿದ್ದು ಕಲಬುರಗಿಯ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ. ಕಾಲೇಜಿನ ಹೆಸರು ಬರೆಯುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಅಟೆಂಡರ್ ಅಂದರೆ ಗಾಜಿನ ಸಾಮಾನು ತೊಳೆಯುವವನು, ಬೀಗ ತೆಗೆಯುವವನು, ಚಹಾ ತರುವವನು. ಆದರೆ ಕಿವಿ, ಕಣ್ಣು ಎರಡೂ ಇದ್ದರೆ ಆ ಕೋಣೆಯಲ್ಲಿ ಯಾರು ಬೇಕಾದರೂ ಕಲಿಯಬಹುದು. ನನಗೆ ಕಲಿಸಿದವರು ಇಂದೂಬಾಯಿ.

ಇಂದೂಬಾಯಿ ಖೂಬಾ ಪ್ಲಾಟ್ ಬಡಾವಣೆಯ ನರಸಿಂಹರಾಯರ ಸೊಸೆ. ಗಂಡ ಹಣಮಂತರಾಯ ಮದುವೆಯಾಗಿ ಎರಡನೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಾಗ ಅವರಿಗೆ ಇಪ್ಪತ್ನಾಲ್ಕು. ಎಂಎಸ್ಸಿ ಮುಗಿಸಿದ್ದ ಸೊಸೆಯನ್ನು ಮೂಲೆಯಲ್ಲಿ ಕೂಡಿಸದೆ, ವರ್ಷ ಕಳೆದ ಮೇಲೆ ಮಾವನೇ ಕಾಲೇಜಿಗೆ ಕರೆತಂದು ಸಂಶೋಧನೆಗೆ ಸೇರಿಸಿದರು. ಮಾವ ನ್ಯಾಯಾಲಯದಲ್ಲಿ ಮೂವತ್ತು ವರ್ಷ ಪೇಶ್ಕಾರರಾಗಿದ್ದು ನಿವೃತ್ತರಾದವರು. ಸಾಕ್ಷಿ ಹೇಳುವವರ ಎದುರು ಕೂತು ಅವರ ಮಾತನ್ನೆಲ್ಲ ಬರೆದುಕೊಂಡು ಕೈ ಸವೆಸಿದವರು. ಸೊಸೆ ಹೊರಗೆ ಹೋಗುವುದಕ್ಕೆ ನೆಂಟರು ಮೂಗು ಮುರಿದಾಗ, ಕಾಲೇಜಿಗೆ ಹೋಗುತ್ತಾಳೆ, ಸಿನೆಮಾಕ್ಕಲ್ಲ ಎಂದು ಅವರ ಬಾಯಿ ಮುಚ್ಚಿಸಿದ್ದರು. ಅಷ್ಟು ಮಾಡಿದ ಮನುಷ್ಯನಿಗೂ ಒಂದು ಗೆರೆ ಇತ್ತು. ಅದು ಎಲ್ಲಿದೆ ಅಂತ ಅವರಿಗೂ ಮೊದಲು ಗೊತ್ತಿರಲಿಲ್ಲ.

ಇಂದೂಬಾಯಿಯ ಕೆಲಸ ಏನೆಂದರೆ, ಎಲೆಯ ತೂತು ಎಣಿಸುವುದು. ಹೀಗೆ ಹೇಳಿದರೆ ಊರಿನವರು ನಗುತ್ತಿದ್ದರು, ಮೊದಮೊದಲು ನಾನೂ ನಕ್ಕಿದ್ದೆ. ಎಲೆಯ ಕೆಳಮಗ್ಗುಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಪತ್ರರಂಧ್ರ ಅಂತ ಹೆಸರು. ಒಂದೊಂದು ತೂತಿಗೂ ಎರಡು ತುಟಿಯಂಥ ಜೀವಕೋಶ. ಗಾಳಿ ಒಳಗೆ ಬರುವುದು, ನೀರು ಆವಿಯಾಗಿ ಹೋಗುವುದು ಅಲ್ಲಿಂದಲೇ. ನೀರಿಗೆ ತತ್ವಾರವಾದಾಗ ಗಿಡದೊಳಗಿನ ಒಂದು ಹಾರ್ಮೋನು ಆ ತುಟಿಗಳನ್ನು ಮುಚ್ಚಿಸುತ್ತದೆ. ಇದು ಎಲ್ಲ ಪುಸ್ತಕದಲ್ಲೂ ಇದ್ದ ಮಾತು. ಇಂದೂಬಾಯಿ ಕೇಳಿಕೊಂಡದ್ದು ಅದಕ್ಕೂ ಹಿಂದಿನ ಪ್ರಶ್ನೆ. ಒಂದು ಎಲೆಗೆ ಇಷ್ಟೇ ತೂತು ಅಂತ ನಿಕ್ಕಿಯಾಗುವುದು ಯಾವಾಗ, ಯಾರ ಹುಕುಮಿನಿಂದ?

ಬಿಚ್ಚಿಕೊಂಡ ಎಲೆಯಲ್ಲಿ ಹೊಸ ತೂತು ಹುಟ್ಟುವುದಿಲ್ಲ, ಇದ್ದದ್ದು ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ಬಾಳೆಯ ಸುಳಿಯೊಳಗೆ ಎಲೆ ಇನ್ನೂ ಎಳೆಗೂಸಾಗಿರುವಾಗ, ಯಾವ ಜೀವಕೋಶ ಸೀಳಿ ಜೋಡಿ ತುಟಿಯಾಗಬೇಕು, ಯಾವುದು ಬರೀ ತೊಗಲಾಗಿ ಉಳಿಯಬೇಕು ಅನ್ನುವುದು ತೀರ್ಮಾನವಾಗಿಬಿಡುತ್ತದೆ. ಆ ತೀರ್ಮಾನದ ಹೊತ್ತಿಗೆ ಹಾರ್ಮೋನನ್ನು ಹೆಚ್ಚು ಕೊಟ್ಟರೆ ಲೆಕ್ಕ ಬದಲಾಗುತ್ತದೆಯೇ? ಇದನ್ನು ಬಾಳೆಯಲ್ಲಿ ಯಾರೂ ಸರಿಯಾಗಿ ನೋಡಿದಂತಿಲ್ಲ ಅಂತ ಅವರು ಹೇಳುತ್ತಿದ್ದರು. ಹೇಳುವಾಗ ಅವರ ದನಿ ಸ್ವಲ್ಪ ಏರುತ್ತಿತ್ತು, ಉಳಿದಂತೆ ಬಹಳ ಮೆತ್ತಗಿನ ಮಾತು.

ಬಾಳೆ ಅಂದಮೇಲೆ ನಮ್ಮ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು. ನನ್ನ ಅಣ್ಣ ದೌಲಪ್ಪನ ಹೊಲದಲ್ಲಿ ನಲವತ್ತು ಎಳೆಯ ಗಿಡಗಳನ್ನು ಅವರಿಗೆ ಬಿಟ್ಟುಕೊಟ್ಟೆವು. ಹತ್ತು ಗಿಡಕ್ಕೆ ಬರೀ ನೀರು, ಹತ್ತಕ್ಕೆ ಜಿಬ್ಬರೆಲಿನ್, ಹತ್ತಕ್ಕೆ ಕೈನೆಟಿನ್, ಅವೂ ಗಿಡದ ಹಾರ್ಮೋನುಗಳೇ, ಉಳಿದ ಹತ್ತಕ್ಕೆ ಆ ತುಟಿ ಮುಚ್ಚಿಸುವ ಅಬ್ಸಿಸಿಕ್ ಆಮ್ಲ. ಈ ಕೊನೆಯದರ ಹೆಬ್ಬೆರಳಿನಷ್ಟು ಬಾಟಲಿಗಾಗಿ ಎಂಟು ತಿಂಗಳು ಕಾಗದ ಬರೆದಿದ್ದರು. ಪ್ರತಿ ಭಾನುವಾರ ಹುಮನಾಬಾದ್ ಬಸ್ಸಿನಲ್ಲಿ ಬಂದು ಒಂದೊಂದು ಗಿಡದ ಸುಳಿಗೆ ಅಳೆದು ಹನಿ ಬಿಡುತ್ತಿದ್ದರು. ಹನಿ ಬಿಡುವಾಗ ಸುಳಿಯಲ್ಲಿ ಆಗಲೇ ಬೆಳೆದಿರುವ ಎಲೆಯ ಹಣೆಬರಹ ಬರೆದಾಗಿರುತ್ತದೆ, ಅದರ ಮುಂದಿನದೂ ಅರ್ಧ ಬರೆದಿರುತ್ತದೆ. ಲೆಕ್ಕಕ್ಕೆ ಬರುವುದು ಮೂರನೆಯ ಎಲೆ. ಆ ಎಲೆಯ ತುದಿಯಲ್ಲಿ ನಡುನರದ ಹತ್ತಿರ ಸೂಜಿಯಿಂದ ಬಣ್ಣದ ದಾರ ಹೊಲಿಯುತ್ತಿದ್ದರು, ಯಾವ ಗಿಡಕ್ಕೆ ಏನು ಕೊಟ್ಟದ್ದು ಅಂತ ತಿಳಿಯಲು. ಮೊದಲ ವರ್ಷ ಪ್ರಮಾಣ ಗೊತ್ತಾಗದೆ ಗಿಡಗಳೆಲ್ಲ ಸೊಟ್ಟಗಾಗಿ ಹೋಗಿದ್ದವು. ಎರಡನೇ ವರ್ಷ ಎಲ್ಲ ಸರಿಯಾಯಿತು, ಆದರೆ ಆ ಬಾಟಲಿ ಖಾಲಿಯಾಯಿತು. ಅಂದರೆ ಈ ನಲವತ್ತು ಎಲೆ ಹೋದರೆ ಎರಡು ವರ್ಷವೂ ಹೋಯಿತು.

ತೂತು ಎಣಿಸುವುದಕ್ಕೆ ಒಂದು ಉಪಾಯವಿದೆ. ಬಾಳೆ ಎಲೆಯ ತೊಗಲನ್ನು ಚಿಮಟದಿಂದ ಸುಲಿಯಲು ಹೋದರೆ ಚಿಂದಿಯಾಗುತ್ತದೆ. ಅದಕ್ಕೆ ಉಗುರಿಗೆ ಹಚ್ಚುವ ನೇಲ್ ಪಾಲಿಶನ್ನು ಎಲೆಯ ಮೇಲೆ ರೂಪಾಯಿ ಬಿಲ್ಲೆಯಗಲ ಹಚ್ಚಬೇಕು. ಹತ್ತು ನಿಮಿಷ ಒಣಗಿಸಿ ಮೆಲ್ಲಗೆ ಎಬ್ಬಿಸಿದರೆ ತೆಳ್ಳಗಿನ ಪೊರೆ ಬರುತ್ತದೆ, ಪ್ರತಿ ತೂತಿನ ಅಚ್ಚೂ ಅದರಲ್ಲಿರುತ್ತದೆ. ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನಿಧಾನವಾಗಿ ಎಣಿಸಬಹುದು. ಇದನ್ನು ಕಲಿಸಿದವರು ಇಂದೂಬಾಯಿಯ ಗುರುಗಳಾದ ಶ್ರೀನಿವಾಸರಾಯರೇ. ಒಂದು ಸಲ ಪಾಠದ ನಡುವೆ ಹೆಂಡತಿಯ ಬಾಟಲಿಯನ್ನು ಜೇಬಿನಿಂದ ತೆಗೆದು ತೋರಿಸಿ, ಇವತ್ತು ಮನೆಯಲ್ಲಿ ಕಳ್ಳತನ ಮಾಡಿ ಬಂದಿದ್ದೇನೆ ಅಂತ ಹುಡುಗರನ್ನು ನಗಿಸಿದ್ದರು. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕಿದ್ದೆ.

ಬಾಟಲಿಗಳನ್ನು ತರುತ್ತಿದ್ದವನು ನಾನು. ಸೂಪರ್ ಮಾರ್ಕೆಟ್ಟಿನ ಬಳೆ ಅಂಗಡಿಯ ಇಮಾಮುದ್ದೀನನಿಗೆ ಬಣ್ಣವಿಲ್ಲದ್ದು ಕೊಡು ಅಂದರೆ, ಬಣ್ಣವಿಲ್ಲದ್ದನ್ನು ಯಾರು ಹಚ್ಚಿಕೊಳ್ಳುತ್ತಾರೆ ಎಂದು ಕೆಂಪು ಬಾಟಲಿಗಳನ್ನೇ ಮುಂದಿಡುತ್ತಿದ್ದ. ತಿಂಗಳಿಗೆ ಆರು ಬಾಟಲಿ ಒಯ್ಯುವುದನ್ನು ಕಂಡು, ಎಷ್ಟು ಜನ ಹೆಂಡಂದಿರು ಮಾರಾಯ ನಿನಗೆ ಅಂತ ಕಿಚಾಯಿಸುತ್ತಿದ್ದ. ಇಂದೂಬಾಯಿ ಕೆಂಪಾದರೂ ನಡೆಯುತ್ತದೆ, ಅಚ್ಚು ಮೂಡಿದರೆ ಸಾಕು ಅಂದರು. ಆ ವರ್ಷ ಬಿತ್ತನೆಗೆಂದು ನಾನು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ಪಾಲಿಶ್ ತೀರಿತ್ತು, ಅವರೇ ಅಂಗಡಿಗೆ ಹೋಗಿ ಆರು ಬಾಟಲಿ ಕೊಂಡರು. ಪಕ್ಕದಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದವರು ಖೂಬಾ ಪ್ಲಾಟಿನ ಯಾರೋ ಹೆಂಗಸು. ಇಂದೂಬಾಯಿ ಹತ್ತಿದ ಸಿಟಿ ಬಸ್ಸಿಗಿಂತ ಮೊದಲೇ ಸುದ್ದಿ ಮನೆ ತಲುಪಿತು.

ಗಂಡ ಸತ್ತವಳು, ಕೆಂಪು ನೇಲ್ ಪಾಲಿಶು, ಅದೂ ಆರು ಬಾಟಲಿ. ಅತ್ತೆ ಸಾವಿತ್ರೀಬಾಯಿ ಕೂಗಾಡಲಿಲ್ಲವಂತೆ, ಸೊಸೆಯ ಕೈ ಹಿಡಿದು ಬೆರಳ ತುದಿ ನೋಡಿದರಂತೆ. ಪೊರೆ ಎಬ್ಬಿಸುವಾಗ ಅಂಟಿದ ಕೆಂಪು ಅಲ್ಲಿತ್ತು. ಎಲೆಗೆ ಹಚ್ಚುವುದು ಅಂತ ಹೇಳಿದರೆ ನಂಬುವವರು ಯಾರು? ಊರಲ್ಲಿ ಇಷ್ಟು ಹೆಂಗಸರ ಉಗುರು ಇರುವಾಗ ಬಾಳೆ ಎಲೆಗೆ ಯಾಕೆ ಬಣ್ಣ ಅಂತ ನೆರೆಯವರು ನಕ್ಕರಂತೆ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಒಬ್ಬ ಹೆಂಗಸಿನ ಬೆರಳ ತುದಿಯನ್ನು ಪರೀಕ್ಷೆ ಮಾಡುವುದಕ್ಕೆ ಇವರಿಗೆ ಸೂಕ್ಷ್ಮದರ್ಶಕ ಬೇಕಾಗಲಿಲ್ಲ ನೋಡಿ.

ನರಸಿಂಹರಾಯರು ಮಾತ್ರ ನ್ಯಾಯವಾಗಿ ನಡೆದುಕೊಂಡರು. ಮರುದಿನ ಕೋಟು ಹಾಕಿಕೊಂಡು, ಛತ್ರಿ ಹಿಡಿದು ಕಾಲೇಜಿಗೆ ಬಂದರು. ನಾನು ಆಗಷ್ಟೇ ರಜೆ ಮುಗಿಸಿ ಬಂದು ಪ್ರೊಫೆಸರ ಕೋಣೆಗೆ ಚಹಾ ಒಯ್ದಿದ್ದೆ. ನರಸಿಂಹರಾಯರು ಕೂಡಲೂ ಇಲ್ಲ, ನಿಂತುಕೊಂಡೇ ಕೇಳಿದರು.

"ಸರ್, ಒಂದೇ ಮಾತು ಕೇಳಾಕ ಬಂದೀನ್ರೀ. ಈ ನೇಲ್ ಪಾಲಿಶ್ ಅಕಿ ಅಭ್ಯಾಸಕ್ಕ ಬೇಕೋ, ಬ್ಯಾಡೋ? ನೀವು ಬೇಕು ಅಂದ್ರ ಮುಗೀತು. ಮನ್ಯಾಗ, ಓಣ್ಯಾಗ ನಾ ನೋಡ್ಕೋತೀನಿ."

ಶ್ರೀನಿವಾಸರಾಯರು ಚಹಾ ಕುಡಿದರು. ಕಿಟಕಿಯ ಕಡೆ ನೋಡಿದರು. ಅವರೂ ಅದೇ ಸಮಾಜದವರು, ಮಠದ ಕಮಿಟಿಯಲ್ಲಿ ಹೆಸರಿದ್ದವರು, ಮುಂದಿನ ತಿಂಗಳು ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಊರಿನ ಹಿರಿಯರನ್ನೆಲ್ಲ ಕರೆಯುವವರಿದ್ದರು. ಬೇಕು ಅಂದರೆ ನಾಳೆ ಜನ, ವಿಧವೆಯ ಕೈಗೆ ನೇಲ್ ಪಾಲಿಶ್ ಕೊಟ್ಟವರು ಪ್ರೊಫೆಸರೇ ಅನ್ನುತ್ತಾರೆ. ಬೇಡ ಅಂದರೆ ಸುಳ್ಳಾಗುತ್ತದೆ, ಅವರು ಸುಳ್ಳು ಹೇಳುವವರಲ್ಲ. ಕಪ್ಪನ್ನು ಕೆಳಗಿಟ್ಟು ಹೇಳಿದರು.

"ಬ್ಯಾರೆ ವಿಧಾನಾನೂ ಅದಾವ್ರೀ."

ಅದಾವೆ, ಯಾಕಿಲ್ಲ? ಚಿಮಟದಿಂದ ಸುಲಿಯುವುದು ಒಂದು, ಅದು ಬಾಳೆಗೆ ಆಗುವುದಿಲ್ಲ. ಬೇರೆ ಒಂದು ರಸಾಯನ ಹಚ್ಚುವುದು ಇನ್ನೊಂದು, ಅದು ನಮ್ಮ ಕಪಾಟಿನಲ್ಲಿ ನಾಲ್ಕು ವರ್ಷದಿಂದ ಇರಲಿಲ್ಲ. ಈ ಎರಡೂ ನನಗೇ ಗೊತ್ತಿದ್ದವು, ಅವರಿಗೆ ಗೊತ್ತಿರಲಿಲ್ಲವೇ? ನಾನು ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಇಬ್ಬರು ದೊಡ್ಡವರು ಮಾತಾಡುವಾಗ ಅಟೆಂಡರ್ ನಡುವೆ ಬಾಯಿ ಹಾಕಬಾರದು ಅಂತ ಇಪ್ಪತ್ತು ವರ್ಷ ಕಲಿತದ್ದು ಬಾಯಿ ಕಟ್ಟಿಹಾಕಿತು. ಪ್ರೊಫೆಸರ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಪಾಲಿಗೇ ಸೇರಬೇಕಾದದ್ದು. ನರಸಿಂಹರಾಯರು ಮುಖ ಸಣ್ಣದು ಮಾಡಿಕೊಂಡು, ನಮಸ್ಕಾರ ಮಾಡಿ ಹೋದರು. ಮರುದಿನದಿಂದ ಇಂದೂಬಾಯಿ ಬರಲಿಲ್ಲ.

ಎರಡು ವಾರ ಕಳೆದವು. ಊರಿನಿಂದ ಬಂದವರು ಸುಳಿ ಬಿಚ್ಚುತ್ತಿದೆ, ದಾರ ಹೊಲಿಯುವವರು ಎಲ್ಲಿ ಅಂತ ಕೇಳಿದರು. ನಾನೇ ಒಂದು ಭಾನುವಾರ ಹೋಗಿ ಮೂರನೆಯ ಎಲೆಗಳಿಗೆ ದಾರ ಹೊಲಿದು ಬಂದೆ, ಅಚ್ಚು ತೆಗೆಯುವಷ್ಟು ಅವು ಇನ್ನೂ ಬಿಚ್ಚಿರಲಿಲ್ಲ. ಅಂಥ ಅಗಲದ ಎಲೆ ಗಾಳಿಗೆ ಹರಿದು ಜೂಲಾಗಲು ಬಹಳ ದಿನ ಬೇಕಾಗುವುದಿಲ್ಲ. ಪ್ರೊಫೆಸರಿಗೆ ಹೇಳಿದೆ. ಪಾಪ, ಒಳ್ಳೆ ಹುಡುಗಿ, ಏನು ಮಾಡಲಿಕ್ಕಾಗುತ್ತದೆ ಅಂತ ನಿಟ್ಟುಸಿರು ಬಿಟ್ಟರು. ಏನು ಮಾಡಲಿಕ್ಕಾಗುತ್ತದೆ ಅನ್ನುವುದನ್ನು ನಾನು ಮೂರು ವಾಕ್ಯದಲ್ಲಿ ಹೇಳಬಲ್ಲವನಾಗಿದ್ದೆ.

ಪರೀಕ್ಷೆಯ ಕೆಲಸವೆಂದು ಆ ವಾರ ರಜೆ ಸಿಗಲಿಲ್ಲ. ನನ್ನ ಹೆಂಡತಿ ಚಂದಮ್ಮ ಊರಲ್ಲೇ ಇದ್ದಳು. ಬಸ್ ಕಂಡಕ್ಟರನ ಕೈಯಲ್ಲಿ ನಾಲ್ಕು ಬಾಟಲಿ, ಒಂದು ಚೀಟಿ ಕಳಿಸಿದೆ. ದಾರವಿರುವ ಎಲೆಗೆ ತುದಿಯಿಂದ ಒಂದು ಗೇಣು ಕೆಳಗೆ ಬಿಲ್ಲೆಯಗಲ ಹಚ್ಚು, ಒಣಗಿದ ಮೇಲೆ ಎಬ್ಬಿಸಿ ಲಕೋಟೆಗೆ ಹಾಕು, ಲಕೋಟೆಯ ಮೇಲೆ ದಾರದ ಬಣ್ಣ ಬರಿ ಅಂತ ಬರೆದೆ. ಅವಳು ಹೊಲದಲ್ಲಿ ಕೂತು ಎಲೆಗೆ ನೇಲ್ ಪಾಲಿಶ್ ಹಚ್ಚುವುದನ್ನು ಕಂಡು ಇಡೀ ಊರು ನಕ್ಕಿತಂತೆ. ನಗಲಿ ಅಂತ ನಲವತ್ತೂ ಮುಗಿಸಿದಳು. ಶನಿವಾರ ಲಕೋಟೆಗಳು ನನ್ನ ಕೈ ಸೇರಿದವು. ಸಂಜೆ ವಿಭಾಗದ ಬೀಗ ಹಾಕುವ ಮುಂಚೆ ಒಂದು ಸೂಕ್ಷ್ಮದರ್ಶಕವನ್ನು ಧೋತರದಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಯಾರನ್ನೂ ಕೇಳದೆ ಖೂಬಾ ಪ್ಲಾಟಿಗೆ ನಡೆದೆ. ಸಿಕ್ಕಿಬಿದ್ದಿದ್ದರೆ ನೌಕರಿ ಹೋಗುತ್ತಿತ್ತು.

ನರಸಿಂಹರಾಯರು ಬಾಗಿಲು ತೆರೆದು ಚೀಲ ನೋಡಿದರು. ಪಾಲಿಶ್ ತಂದಿಲ್ಲ, ಗಾಜು ಅಷ್ಟೇ ತಂದಿದ್ದೇನೆ ಅಂದೆ. ಒಳಗೆ ಬಿಟ್ಟರು. ಕಿಟಕಿಯ ಬೆಳಕಿಗೆ ಇಟ್ಟ ಮೇಲೆ ಇಂದೂಬಾಯಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಒಂದು ಪೊರೆ ನೋಡಿದರು, ಇನ್ನೊಂದು ನೋಡಿದರು, ಬಿಳಿ ದಾರದ್ದು, ಕೆಂಪು ದಾರದ್ದು, ಆಮೇಲೆ ಮತ್ತೆ ಮೊದಲಿನದು. ಇದು ಎಲೆಯ ಯಾವ ಮಗ್ಗುಲಿನದು ಅಂತ ಕೇಳಿದರು. ಊಟದ ಮಗ್ಗುಲಿಗೇ ಹಚ್ಚಿದೆ ಅಂತ ಹೆಂಡತಿ ಹೇಳಿ ಕಳಿಸಿದ್ದಾಳೆ, ಮತ್ತೆ ಯಾವುದು ಅಂದೆ.

ಅವರು ನಕ್ಕುಬಿಟ್ಟರು. ಆಮೇಲೆ ಕಣ್ಣು ತುಂಬಿಕೊಂಡವು. ನನಗೆ ಆಗ ಹೊಳೆಯಿತು. ಎಲೆ ಅಂದರೆ ನಮ್ಮವರಿಗೆ ಅನ್ನ ಬಡಿಸುವ ಮಗ್ಗುಲೇ ಎಲೆ. ಚಂದಮ್ಮ ಊಟಕ್ಕೆ ಹಾಕುವಂತೆ ನೀರು ಚಿಮುಕಿಸಿ, ಒರೆಸಿ, ಹೊಳೆಯುವ ಮೇಲ್ಮಗ್ಗುಲಿಗೆ ಹಚ್ಚಿದ್ದಳು. ತೂತುಗಳು ಹೆಚ್ಚಾಗಿ ಇರುವುದು ಕೆಳಗೆ. ಎರಡು ವರ್ಷ ಜೊತೆಗಿದ್ದ ನಾನು ಆ ಒಂದು ಮಾತನ್ನು ಚೀಟಿಯಲ್ಲಿ ಬರೆದಿರಲಿಲ್ಲ. ನನ್ನನ್ನು ನಾನೇ ಬೈದುಕೊಂಡೆ.

ನರಸಿಂಹರಾಯರು ತಾವೂ ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯನ್ನು, ಪ್ರೊಫೆಸರು ಹೇಳಿದ ಬೇರೆ ವಿಧಾನದಲ್ಲಿ ಯಾಕೆ ಮಾಡಬಾರದು ಎಂದು ಕೇಳಿದರು.

"ಬಾಳಿ ಎಲಿಗೆ ಅದು ಆಗೂದಿಲ್ರೀ ಮಾವ. ಸರ್‌ಗೆ ಗೊತ್ತದ. ಅವ್ರೇ ಕಲಿಸ್ಯಾರ."

ರಾಯರು ಕುರ್ಚಿಯಲ್ಲಿ ಕೂತರು. ಮೂವತ್ತು ವರ್ಷ ಸಾಕ್ಷಿಗಳನ್ನು ಕೇಳಿದ್ದೇನೆ, ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು ಮಾಡುವವರನ್ನು ದಿನಾ ನೋಡಿದ್ದೇನೆ, ಆದರೂ ಅವತ್ತು ನನಗೆ ತಿಳಿಯಲಿಲ್ಲ ಅಂದರು. ಬೇಕೋ ಬೇಡವೋ ಅಂತಲೇ ನಾನು ಕೇಳಿದ್ದೆ ಎಂದು ಮತ್ತೊಮ್ಮೆ ಅಂದರು. ಸೊಸೆ ತಪ್ಪು ಮಾಡಿದಳು ಅಂತ ಹತ್ತೊಂಬತ್ತು ದಿನ ಅವಳೊಡನೆ ಮಾತು ಬಿಟ್ಟಿದ್ದವರು ಅವರು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋಗು, ದೇವೀಂದ್ರಪ್ಪ ಜೊತೆಗಿರಲಿ ಅಂದರು. ತಮಗೆ ನಾಳೆ ಪ್ರೊಫೆಸರ ಮನೆಯ ತೊಟ್ಟಿಲಿನ ಊಟವಿದೆ, ಅಲ್ಲಿಗೆ ಹೋಗಿ ಒಂದು ಮಾತು ಕೇಳುವುದಿದೆ ಅಂತಲೂ ಅಂದರು. ಒಳಗಿನಿಂದ ಸಾವಿತ್ರೀಬಾಯಿ ಮರಾಠಿಯಲ್ಲಿ ಜನ ಏನನ್ನುತ್ತಾರೆ ಅಂದರು. ಹೊರಗಿನವರಿಗೆ ತಿಳಿಯಬಾರದ ಮಾತು ಆ ಮನೆಯಲ್ಲಿ ಮರಾಠಿಯಲ್ಲೇ ನಡೆಯುತ್ತಿತ್ತು, ಅಷ್ಟು ಮರಾಠಿ ನನಗೂ ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ರಾಯರು ನನಗೂ ತಿಳಿಯಲಿ ಅಂತ ಕನ್ನಡದಲ್ಲಿ ಉತ್ತರ ಕೊಟ್ಟರು: "ಅನ್ಲಿ."

ಭಾನುವಾರ ಎಂಟೂವರೆಗೆ ಹೊಲದಲ್ಲಿದ್ದೆವು. ನಲವತ್ತು ಗಿಡಗಳೂ ಬೋಳಾಗಿದ್ದವು. ದೌಲಪ್ಪ ಮೀಸೆಯ ಮೇಲೆ ಕೈಯಾಡಿಸುತ್ತಾ ಬಂದ. ನಿಮ್ಮ ಪ್ರೊಫೆಸರ ಮನೆಗೆ ಊಟದ ಎಲೆ ಬೇಕೆಂದು ನಸುಕಿನಲ್ಲೇ ಟೆಂಪೋ ಬಂದಿತ್ತು, ದೇವೀಂದ್ರಪ್ಪನ ಹೊಲದ ಎಲೆಯೇ ಆಗಬೇಕು ಅಂದರಂತೆ, ಚಂದಮ್ಮ ಹಚ್ಚಿ ಎಬ್ಬಿಸಿ ಬಾಯಿಯವರ ಕೆಲಸ ಮುಗಿಸಿದಳಲ್ಲ, ಅದಕ್ಕೇ ಆ ಸಾಲಿನವೇ ಹಸನಾಗಿದ್ದವೆಂದು ಕೊಯ್ದು ಕೊಟ್ಟೆ ಅಂತ ಹೆಮ್ಮೆಯಿಂದ ಹೇಳಿದ. ಅವನನ್ನು ಬೈದು ಏನು ಪ್ರಯೋಜನ? ಪ್ರೊಫೆಸರು ಬೇಕಂತಲೇ ಮಾಡಿಸಿದರು ಅಂತಲೂ ನಾನು ಹೇಳುವುದಿಲ್ಲ. ಒಂದು ಸಲ ಹೊಲಕ್ಕೆ ಬಂದು, ಎಂಥ ಎಲೆ, ಊಟಕ್ಕೆ ಹೇಳಿ ಮಾಡಿಸಿದಂತಿವೆ ಅಂದಿದ್ದರು. ಅದು ನೆನಪಿತ್ತು. ಆ ಎಲೆಗಳ ಮೇಲೆ ಒಬ್ಬಳ ಎರಡು ವರ್ಷ ಇದೆ ಅನ್ನುವುದು ನೆನಪಿರಲಿಲ್ಲ. ನನಗೆ ತಡೆಯಲಾಗದೆ ಹೋದದ್ದು ಇದು. ಬೇಕಂತಲೇ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಇಂದೂಬಾಯಿ ಅಳಲಿಲ್ಲ. ಎಷ್ಟು ಹೊತ್ತಿಗೆ ಕೊಯ್ದದ್ದು ಎಂದು ಕೇಳಿದರು. ಐದಕ್ಕೆ ಅಂದ ದೌಲಪ್ಪ. ಹಾಗಾದರೆ ಬಾಡಿರುವುದಿಲ್ಲ, ತೂತುಗಳು ಎಲ್ಲಿಗೂ ಹೋಗಿರುವುದಿಲ್ಲ, ಬಸ್ ಎಷ್ಟಕ್ಕೆ ಎಂದು ಕೇಳಿದರು.

ಬಸ್ಸು ನಮ್ಮ ಅವಸರ ನೋಡಿ ಬರುತ್ತದೆಯೇ? ಕಲಬುರಗಿಯಲ್ಲಿ ಇಳಿದು ಆಟೋ ಹಿಡಿದು ಪ್ರೊಫೆಸರ ಮನೆ ತಲುಪುವಾಗ ಹನ್ನೆರಡೂವರೆ. ಮನೆಯ ಮುಂದಿನ ಚಪ್ಪರದಲ್ಲಿ ಮೊದಲ ಪಂಕ್ತಿ ಕೂತಾಗಿತ್ತು. ಎರಡು ಸಾಲು, ಎದುರುಬದುರು, ಮೂವತ್ತೆಂಟು ಜನ. ಹಿರಿಯರ ಪಂಕ್ತಿಯೆಂದು ತುದಿ ಎಲೆಗಳನ್ನೇ ಹಾಕಿದ್ದರು, ಒಂದೊಂದರ ತುದಿಯಲ್ಲೂ ಬಣ್ಣದ ದಾರ. ಉಪ್ಪು, ಕೋಸಂಬರಿ ಬಡಿಸಿದ್ದರು, ಅನ್ನ ಇನ್ನೂ ಬಂದಿರಲಿಲ್ಲ. ನನ್ನಂಥವನು ಆ ಪಂಕ್ತಿಯ ಹತ್ತಿರ ಹೋಗುವ ಪದ್ಧತಿ ಇಲ್ಲ, ಚಪ್ಪಲಿ ಬಿಡುವಲ್ಲಿ ನಿಂತೆ. ಇಂದೂಬಾಯಿ ನಿಲ್ಲಲಿಲ್ಲ. ಕೈಯಲ್ಲಿ ಕೆಂಪು ಬಾಟಲಿ ಹಿಡಿದು ಎರಡು ಸಾಲುಗಳ ನಡುವೆ ಹೋದರು.

ಮೊದಲ ಎಲೆಯ ಮುಂದೆ ಕೂತಿದ್ದವರು ಮಠದ ಕಮಿಟಿಯ ಒಬ್ಬ ಹಿರಿಯರು. ಇಂದೂಬಾಯಿ ಬಗ್ಗಿ, ಈ ಎಲೆ ಸ್ವಲ್ಪ ಹೊರಳಿಸಬೇಕು ಅಂದರು. ಆ ಹಿರಿಯರು ಹಾವು ಕಂಡವರ ಹಾಗೆ ಹಿಂದೆ ಸರಿದರು. ಚಪ್ಪರದಲ್ಲಿ ಗುಜುಗುಜು ಎದ್ದಿತು. ಬಡಿಸಿದ ಎಲೆ ಹೊರಳಿಸುವುದೇ, ಅದೂ ಇವಳು, ಅದೂ ಶುಭಕಾರ್ಯದಲ್ಲಿ ಅಂತ ಯಾರೋ ಅಂದರು. ಶ್ರೀನಿವಾಸರಾಯರು ರೇಷ್ಮೆ ಮಡಿಯಲ್ಲಿ ಓಡಿ ಬಂದು, ಇದೇನು, ಪಂಕ್ತಿ ಕೂತಿದೆ, ನಾಳೆ ವಿಭಾಗಕ್ಕೆ ಬಾ, ಮಾತಾಡೋಣ ಅಂತ ಮೆಲ್ಲಗೆ ಗದರಿದರು.

"ನಾಳಿಗೆ ಎಲಿ ಬಾಡ್ತಾವ್ರೀ ಸರ್. ಇವು ಊಟದ ಎಲಿ ಅಲ್ಲ. ನನ್ನ ಮೂರನೇ ಎಲಿ."

ಪ್ರೊಫೆಸರು ಬಗ್ಗಿ ದಾರ ನೋಡಿದರು. ಸಾಲಿನುದ್ದಕ್ಕೂ ನೋಡಿದರು. ಗೊತ್ತಾಯಿತು. ಮುಖದ ಬಣ್ಣ ಇಳಿಯಿತು. ಸುತ್ತ ಕೂತವರ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಇಬ್ಬರು ಹೆಂಗಸರು ಇಂದೂಬಾಯಿಯ ತೋಳು ಹಿಡಿದು ಹೊರಗೆ ಕರೆದೊಯ್ಯಲು ಬಂದರು. ನಾನು ಚಪ್ಪಲಿಯ ರಾಶಿ ದಾಟಿ ಒಂದು ಹೆಜ್ಜೆ ಒಳಗಿಟ್ಟೆ, ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಅಷ್ಟರಲ್ಲಿ ನಾಲ್ಕನೆಯ ಎಲೆಯ ಮುಂದೆ ಕೂತಿದ್ದ ನರಸಿಂಹರಾಯರು ತಮ್ಮ ಎಲೆಯನ್ನು ಎರಡೂ ಕೈಯಿಂದ ಎತ್ತಿದರು. ಉಪ್ಪು, ಕೋಸಂಬರಿ ನೆಲಕ್ಕೆ ಬಿದ್ದವು. ಅನ್ನ ಬರುವ ಮೊದಲೇ ಎಲೆ ಹೊರಳಿಸುವುದು ಮನೆಯವರಿಗೆ ಎಂಥ ಅವಮಾನ ಅಂತ ಅಲ್ಲಿದ್ದ ಎಲ್ಲರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊರಳಿಸಿ, ಕೆಳಮಗ್ಗುಲು ಮೇಲೆ ಮಾಡಿ, ಅಂಗವಸ್ತ್ರದಿಂದ ಒರೆಸಿದರು.

"ಇಂದೂ, ಮೊದಲ ಇದಕ್ಕ ಹಚ್ಚು."

ಹಿಡಿದಿದ್ದ ಹೆಂಗಸರು ಕೈ ಬಿಟ್ಟರು. ಇಂದೂಬಾಯಿ ಬಂದು ಮೊಣಕಾಲೂರಿ ಕೂತು, ತುದಿಯಿಂದ ಒಂದು ಗೇಣು ಅಳೆದು, ಬಿಲ್ಲೆಯಗಲ ಕೆಂಪು ಹಚ್ಚಿದರು. ಕೈ ಒಂದಿಷ್ಟೂ ಅಲುಗಲಿಲ್ಲ. ನರಸಿಂಹರಾಯರು ಪ್ರೊಫೆಸರ ಕಡೆ ತಿರುಗಿ, ಕಚೇರಿಯ ದನಿಯಲ್ಲಿ, ಇಡೀ ಚಪ್ಪರಕ್ಕೆ ಕೇಳುವಂತೆ ಕೇಳಿದರು. "ಸರ್, ಎಲ್ಲಾರೂ ಕೂತಾರ. ಈಗ ಹೇಳ್ರಿ. ಇದು ಬೇಕೋ, ಬ್ಯಾಡೋ?"

ಅಡುಗೆಯವರು ಅನ್ನದ ಹರಿವಾಣ ಹಿಡಿದು ನಿಂತೇ ಇದ್ದರು. ಶ್ರೀನಿವಾಸರಾಯರು ಒಮ್ಮೆ ಕಮಿಟಿಯ ಹಿರಿಯರನ್ನು ನೋಡಿದರು, ಒಮ್ಮೆ ನೆಲದ ಮೇಲಿನ ಕೋಸಂಬರಿಯನ್ನು. ಆಮೇಲೆ ಬೇಕು ಅಂದರು. ಬಾಳೆ ಎಲೆಗೆ ನಮ್ಮಲ್ಲಿ ಬೇರೆ ವಿಧಾನ ಇಲ್ಲ, ಇದೇ ಬೇಕು, ನಾನೇ ಕಲಿಸಿದ್ದು ಅಂತ ಅಷ್ಟನ್ನೂ ಹೇಳಿದರು. ಪ್ರತಿ ಮಾತೂ ನಿಜ. ಹೇಳಿ ಮುಗಿಸಿದ ಮೇಲೆ ಆಕಾಶ ಕಳಚಿ ಬೀಳಲಿಲ್ಲ, ಯಾರೂ ಅವರನ್ನು ಸಮಾಜದಿಂದ ಹೊರಗೆ ಹಾಕಲಿಲ್ಲ. ಎದುರು ಸಾಲಿನ ಒಬ್ಬ ಮುದುಕರು, ಹಾಗಾದರೆ ನಮ್ಮದಕ್ಕೂ ಹಚ್ಚಿಬಿಡಲಿ, ಹಸಿವಾಗಿದೆ ಅಂತ ತಮ್ಮ ಎಲೆ ಎತ್ತಿಕೊಟ್ಟರು. ಅವರ ನಂತರ ಇನ್ನೊಬ್ಬರು. ಇಷ್ಟು ಸುಲಭವಾಗಿತ್ತು ಅದು. ನನ್ನ ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೆ.

ನಲವತ್ತರಲ್ಲಿ ಮೂವತ್ತೆಂಟು ಸಿಕ್ಕವು. ಎರಡನ್ನು ಯಾರೋ ಆಕಳಿಗೆ ಹಾಕಿದ್ದರು. ಕೊನೆಯ ಪೊರೆ ಲಕೋಟೆಗೆ ಸೇರುವ ಹೊತ್ತಿಗೆ ಬೇರೆ ಎಲೆ ಹಾಕಿ ಅನ್ನ ಬಡಿಸಿದರು. ಶ್ರೀನಿವಾಸರಾಯರು ತಾವೇ ಒಂದು ಎಲೆ ತಂದು ನರಸಿಂಹರಾಯರ ಮುಂದೆ ಹಾಕಿ, ಕೈ ಮುಗಿದು, ಊಟ ಮಾಡಬೇಕು, ಆದದ್ದಾಯಿತು ಅಂದರು.

ನರಸಿಂಹರಾಯರು ಎದ್ದು ನಿಂತು ಅಂಗವಸ್ತ್ರ ಕೊಡವಿಕೊಂಡರು.

"ಈ ಮಾತು ಅವತ್ತ ನಿಮ್ಮ ಖೋಲ್ಯಾಗ ಅಂದಿದ್ರ, ಇವತ್ತ ನಿಮ್ಮನ್ಯಾಗ ಉಣ್ತಿದ್ದೆ."

ಸೊಸೆಯ ಕೈಯಿಂದ ಲಕೋಟೆಗಳ ಚೀಲ ಇಸಿದುಕೊಂಡು ಅವರು ಮುಂದೆ ನಡೆದರು. ನಾವಿಬ್ಬರೂ ಹಿಂದೆ ಹೊರಟೆವು.